ದೂಮಣ್ಣನ ಐದು ಬ್ಯಾಟರಿಯ ಟಾರ್ಚ್

೧೯೬೭ ಮೇ ೧೪, ಭಾನುವಾರ. ಬೆಳಿಗ್ಗೆ ಆರೂವರೆಗೆ ಬರೆಯಲು ಕುಳಿತೆ.

ದೂಮಣ್ಣ ಟಾರ್ಚಿನ ಬ್ಯಾಟರಿಯನ್ನು ಆರಿಸುತ್ತಿದ್ದುದು ಹೆಬ್ಬೆರಳಿನಿಂದ. ಬಂಟ್ವಾಳ ಪೇಟೆಯ ಅಂಗಡಿಯಲ್ಲಿ ಒಂದೊಂದರ ತಳವನ್ನೂ ಒತ್ತಿ, ರಟ್ಟಿನ ಹೊದಿಕೆ ಎಲ್ಲಾದರೂ ಜಿಗುಟಾಗಿದೆಯೇ ಎಂದು ಸವರಿ, ಮೂಸಿ, ಅರ್ಧಕ್ಕರ್ಧ ಪಕ್ಕಕ್ಕಿಡುವರು. ಹೆಣ್ಣು ನೋಡಲು ಹೋದಾಗಲೂ ಇಷ್ಟು ಹೊತ್ತು ಮಾಡಿದ್ದಿರಾ ಎಂದು ಅಂಗಡಿಯ ಕಾಮತರು ಕೇಳಿದರೆ, "ಹೆಣ್ಣು ನಡುನೀರಿನಲ್ಲಿ ಕೈ ಕೊಡುವುದಿಲ್ಲ ಮಾರಾಯ್ರೆ, ಬ್ಯಾಟ್ರಿ ಕೊಡ್ತದೆ" ಎನ್ನುವರು.

ಅವರು ನರಿಕೊಂಬಿನವರು. ನೇತ್ರಾವತಿಯಲ್ಲಿ ಮೀನು ಹಿಡಿದೇ ಮುದುಕರಾದವರು. ಹದಿನೆಂಟನೆಯ ವಯಸ್ಸಿನಲ್ಲಿ ನಾನು ಅವರ ದೋಣಿಗೆ ಸೇರಿದಾಗ ಅವರ ಟಾರ್ಚು ಮೂರು ಬ್ಯಾಟರಿಯದು. ಎರಡು ವರ್ಷದಲ್ಲಿ ಐದರದ್ದಾಯಿತು. "ಪ್ರಾಯಕ್ಕೆ ತಕ್ಕ ಬ್ಯಾಟ್ರಿ ಬೇಕು. ಹುಡುಗನಿಗೆ ಎರಡು, ಸಂಸಾರಸ್ಥನಿಗೆ ಮೂರು, ನನ್ನಂಥವನಿಗೆ ಐದು."

ಮಳೆಗಾಲಕ್ಕೆ ಮುಂಚೆ ದೋಣಿಯನ್ನು ಮರಳಿಗೆಳೆದು ಕವುಚಿ ಹಾಕುತ್ತಿದ್ದೆವು. ತೆಂಗಿನ ಚಿಪ್ಪಿನ ಗೆರಟೆಯಿಂದ ಪಾಚಿ ಕೆರೆದು, ಹಲಗೆಗಳ ಸಂದಿಗೆ ತೆಂಗಿನ ನಾರು ತುರುಕಿ, ಮೇಲೆ ಗೇರುಎಣ್ಣೆ ಬಳಿಯಬೇಕು. ಆ ಎಣ್ಣೆ ಚರ್ಮವನ್ನು ಸುಡುತ್ತದೆ. ಮೊದಲು ನನ್ನ ಕೈಗೆ ಕೊಬ್ಬರಿ ಎಣ್ಣೆ ಸವರಿದ್ದೂ ಅವರೇ. ಸಂದಿಗಳನ್ನು ಮಾತ್ರ ಅವರು ಬಗ್ಗಿ ನೋಡುತ್ತಿರಲಿಲ್ಲ. ಹಲಗೆಯುದ್ದಕ್ಕೂ ಬೆರಳಾಡಿಸಿಕೊಂಡು ಹೋಗುವರು. "ಬಿರುಕು ಕಣ್ಣಿಗೆ ಸುಳ್ಳು ಹೇಳ್ತದೆ, ಬೆರಳಿಗೆ ಹೇಳುವುದಿಲ್ಲ." ಎಂಥ ಕಸುಬು ಎಂದು ಮೆಚ್ಚಿ ನಾನದನ್ನು ದಿನಚರಿಯಲ್ಲಿ ಬರೆದುಕೊಂಡೆ. ತಮ್ಮ ನಂತರ ದೋಣಿ ನನಗೇ ಎಂದು ನಾಲ್ಕು ಜನರೆದುರು ಹೇಳಿಯೂ ಇದ್ದರು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ, ಒಂದು ಮುಸ್ಸಂಜೆ ಬಲೆ ಎತ್ತಿಕೊಂಡು ಮರಳುತ್ತಿದ್ದೆವು. ನಾನು ಹಿಂದೆ ಹುಟ್ಟು ಹಾಕುತ್ತಿದ್ದೆ. ಅವರು ಮುಂದೆ ಟಾರ್ಚು ಹಿಡಿದು ನಿಂತು ದಾರಿ ಹೇಳುತ್ತಿದ್ದರು. ಬ್ಯಾಟರಿ ಅಂದು ಬೆಳಿಗ್ಗೆಯಷ್ಟೇ ಅವರೇ ಆರಿಸಿ ತಂದದ್ದು. ಅವರ ಭುಜದಾಚೆ ಬೆಳಕು ಒಂದು ಕರಿಬಂಡೆಯ ಮೇಲೆ ನೆಟ್ಟಗೆ ಬಿದ್ದಿತ್ತು. "ನೇರ ಬಿಡು, ಬರೀ ನೀರು" ಎಂದರು ದೂಮಣ್ಣ.

ನಾನು ಹುಟ್ಟು ತಿರುಗಿಸುವಷ್ಟರಲ್ಲಿ ಮುಂದಿನ ಹಲಗೆ ಸೀಳಿತ್ತು. ಟಾರ್ಚು ನೀರುಪಾಲಾಯಿತು. ಸೊಂಟಮಟ್ಟದ ನೀರಿನಲ್ಲಿ ದೋಣಿ ತಳ್ಳಿಕೊಂಡು ದಡ ಸೇರಿದೆವು. ಅವರಿಗೆ ಕಣ್ಣು ಕಾಣುತ್ತಿಲ್ಲವೆಂದು ನನಗೆ ತಿಳಿದದ್ದು ಆಗ. ನಾನು ಯಾರಲ್ಲಿಯೂ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಒಬ್ಬ ಮೀನುಗಾರ ಎಲ್ಲರಿಗೂ ಕೇಳುವಂತೆ, "ಏನಾ, ಹಳೆ ಬ್ಯಾಟ್ರಿ ತುರುಕಿ ಮುದುಕನನ್ನು ಮುಳುಗಿಸ್ಲಿಕ್ಕೆ ಹೊರಟಿದ್ದಿಯಂತೆ?" ಎಂದ. ದೂಮಣ್ಣ ಅಲ್ಲೇ ಬೆಂಚಿನಲ್ಲಿದ್ದರು. ತಲೆಯೆತ್ತದೆ ಚಾ ಆರಿಸುತ್ತಿದ್ದರು. ಆ ಮೇಲೆ ನದಿಯಲ್ಲಿ ಯಾರೂ ನನ್ನನ್ನು ತಮ್ಮ ದೋಣಿಗೆ ಹತ್ತಿಸಲಿಲ್ಲ.

ಅವರ ಮನೆಗೇ ಹೋಗಿ, ಈ ಸುಳ್ಳು ಯಾಕೆಂದು ಕೇಳಿದೆ. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ನಿನಗೆ ಪ್ರಾಯ ಉಂಟು ಮಗಾ, ಹೆಸರು ಪುನಃ ಬರ್ತದೆ. ಕಣ್ಣು ಹೋಯಿತು ಅಂತ ಗೊತ್ತಾದರೆ ನನ್ನನ್ನು ದಡದಲ್ಲಿ ಕೂರಿಸ್ತಾರೆ."

"ನಾನು ಯಾರಿಗೂ ಹೇಳ್ತಿರಲಿಲ್ಲ, ದೂಮಣ್ಣ."

"ಗೊತ್ತುಂಟು. ಅದಕ್ಕೇ ನಿನ್ನ ಹೆಸರು ಹೇಳಿದ್ದು."

ನಾವು ಆಡಿದ ಕೊನೆಯ ಮಾತು ಅದು. ತಿಂಗಳೊಳಗೆ ಹಲಗೆ ಬದಲಿಸಿ ದೋಣಿಯನ್ನು ಪಾಣೆಮಂಗಳೂರಿನವರಿಗೆ ಮಾರಿ, ಕಕ್ಕಿಂಜೆಯ ಮಗಳ ಮನೆ ಸೇರಿದರು. ಈ ಮಾರ್ಚಿನಲ್ಲಿ ಅಲ್ಲೇ ತೀರಿಕೊಂಡರು. ನಾನೀಗ ಮೂಡಬಿದಿರೆಯ ಒಂದು ಅಂಗಡಿಯಲ್ಲಿ ಸಾಮಾನು ಕಟ್ಟುತ್ತೇನೆ.

ಕಕ್ಕಿಂಜೆಯಲ್ಲಿ ಅವರ ಕೊನೆಯ ದಿನಗಳನ್ನು ಕಂಡವರು ಇದನ್ನು ಓದಿದರೆ, ಆ ಬಂಡೆಯ ಸಂಗತಿಯನ್ನು ಅವರು ಅಲ್ಲಿ ಹೇಗೆ ಹೇಳಿದರೆಂದು ದಯವಿಟ್ಟು ನನಗೆ ಬರೆಯಿರಿ. ಅಲ್ಲಿ ಅವರಿಗೆ ದೋಣಿ ಇರಲಿಲ್ಲ. ಸುಳ್ಳು ಹೇಳಬೇಕಾದ ಅಗತ್ಯವೂ ಇರಲಿಲ್ಲ.