ಸೊಬ್ರೇದದ ನೀರುಗಾಡಿ ಇದಾಲಿನ

ಬೆಂಕಿ ಆರಿಸುವ ದಳಕ್ಕೆ ಸೇರುತ್ತೇನೆ ಎಂದು ಇದಾಲಿನ ಹೇಳಿದಾಗ ಎಲ್ಲರಿಗಿಂತ ಮೊದಲು ನಕ್ಕವನು ಅವಳ ಗಂಡ ಅರ್ಲಿಂದು.

"ಇಡೀ ದಿನ ಒಲೆ ಮುಂದೆ ಬೇಯೋನು ನಾನು. ಬೆಂಕಿ ಹುಡುಕ್ಕೊಂಡು ಬೇರೆ ಕಡೆ ಹೋಗ್ತೀಯಾ?"

ಪೋರ್ಚುಗಲ್ಲಿನ ನಡುಬೆಟ್ಟಗಳಲ್ಲಿ ಸೊಬ್ರೇದಕ್ಕೆ ಇದ್ದದ್ದು ಅವರದೊಂದೇ ಬೇಕರಿ. ಅರ್ಲಿಂದು ಸುಡುತ್ತಿದ್ದ ಜೋಳದ ಬ್ರೆಡ್ಡನ್ನು ವ್ಯಾನಿಗೆ ತುಂಬಿಕೊಂಡು ಬೆಟ್ಟದ ಸುತ್ತಲಿನ ಹಳ್ಳಿಗಳಿಗೆ ಹಂಚಿ ಬರುತ್ತಿದ್ದವಳು ಇದಾಲಿನ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ, ನಡುವೆ ವ್ಯಾನು ಹಿಡಿಯುವಷ್ಟೇ ರಸ್ತೆ. ಮಂಜು ಬೀಳಲಿ, ಮೋಡ ಕವಿಯಲಿ, ಅವಳ ವ್ಯಾನಿನ ಹಾರ್ನ್ ಕೇಳದ ಬೆಳಗು ಅಲ್ಲಿಯವರಿಗೆ ಬೆಳಗೇ ಆಗಿರಲಿಲ್ಲ.

ದಳ ಎಂದರೆ ಊರಿನವರೇ. ಗಾರೆಯವನು, ಕ್ಷೌರಿಕ, ಕುರಿ ಸಾಕುವ ಅಣ್ಣತಮ್ಮಂದಿರು. ಇಗರ್ಜಿಯ ಪಕ್ಕದ ಷೆಡ್ಡಿನ ಮೇಲೆ ಸೈರನ್ ಕೂಗಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಓಡಿ ಬರಬೇಕು. ಸಂಬಳವಿಲ್ಲ, ನೆಪ ಹೇಳುವಂತೆಯೂ ಇಲ್ಲ. ಪೇಟೆಯ ದಳ ಬೆಟ್ಟ ಸುತ್ತಿ ಬರುವಷ್ಟರಲ್ಲಿ ಉಳಿಯುವುದು ಗೋಡೆಗಳು ಮಾತ್ರ, ಅದಕ್ಕೇ ಈ ಏರ್ಪಾಟು.

ಒಂದು ಸೆಪ್ಟೆಂಬರಿನಲ್ಲಿ ಸೈರನ್ ಕೂಗಿತು, ಎಲ್ಲರೂ ಬಂದರು, ನೀರುಗಾಡಿ ಮಾತ್ರ ಬೆಂಕಿಯ ಬಳಿಗೆ ತಲುಪಲಿಲ್ಲ. ಅದನ್ನು ಓಡಿಸುತ್ತಿದ್ದವನು ಕೆಲಸಕ್ಕೆಂದು ಫ್ರಾನ್ಸಿಗೆ ಹೋಗಿದ್ದ. ಉಳಿದವರಲ್ಲಿ ಧೈರ್ಯ ಮಾಡಿದವನು ಮೊದಲ ತಿರುವಿನಲ್ಲೇ ಅದನ್ನು ಚರಂಡಿಗೆ ಇಳಿಸಿದ. ಆವತ್ತು ಸುಟ್ಟುಹೋದದ್ದು ಮೇಲಿನ ಕೇರಿಯಲ್ಲಿದ್ದ ಇದಾಲಿನಳ ಅಮ್ಮನ ಮನೆ. ಅಮ್ಮನನ್ನು ಬ್ರೆಡ್ ವ್ಯಾನಿನಲ್ಲಿ ಹೊತ್ತು ತಂದಳು. ಆಡುಗಳನ್ನು ತರಲಾಗಲಿಲ್ಲ. ಅವುಗಳ ಕೂಗು ತಿರುವು ದಾಟುವವರೆಗೂ ಕೇಳುತ್ತಿತ್ತು.

ಆ ಚಳಿಗಾಲ ಅವಳು ಪೇಟೆಗೆ ಹೋಗಿ ದೊಡ್ಡ ಗಾಡಿ ಓಡಿಸಲು ಕಲಿತಳು. ಲೈಸೆನ್ಸ್ ಹಿಡಿದು ಬಂದವಳನ್ನು ಕೆಫೆಯ ಬಾಗಿಲಲ್ಲಿ ತಡೆದವನು ಬೆಲ್ಮೀರು. ಊರಿನ ಕೆಳಗಿನ ಇಳಿಜಾರೆಲ್ಲ ಅವನದೇ ನೀಲಗಿರಿ ತೋಪು, ಕಾಗದದ ಕಾರ್ಖಾನೆಗೆ ಮಾರುವ ಮರ. ನಾಲಿಗೆಯೂ ನೀಲಗಿರಿ ಎಣ್ಣೆಯಷ್ಟೇ ಖಾರ.

"ಏನಮ್ಮ ಬ್ರೆಡ್ಡಿನೋಳೇ, ಬೆಂಕಿಗೂ ದಿನಾ ಬೆಳಗ್ಗೆ ಒಂದೊಂದು ಬ್ರೆಡ್ ಕೊಟ್ಟು ಬರ್ತೀಯಾ?"

"ಕೊಡ್ತೀನಿ ಮಾವ. ನಿಮ್ಮ ಹಾಗೆ ಅದು ಹಳಸಿದ್ದು ಅಂತ ವಾಪಸ್ ಕಳ್ಸಲ್ಲ."

ಕೆಫೆಯೆಲ್ಲ ನಕ್ಕಿತು. ಬೆಲ್ಮೀರು ನಗಲಿಲ್ಲ. ದಳದ ನಾಯಕ ಗಾಸ್ಪಾರ್ ಗಾಡಿಯ ಬೀಗದ ಕೈ ಅವಳ ಮುಂದಿಟ್ಟ.

ಆಮೇಲಿನ ಬೇಸಿಗೆಗಳೆಲ್ಲ ಅವಳವೇ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬೆಂಕಿ. ಮೂಡಣ ಕಣಿವೆಯಲ್ಲಿ ಶಾಲೆ ಉಳಿಸಿದರು, ಒಮ್ಮೆ ಜೇನುಪೆಟ್ಟಿಗೆಗಳನ್ನು ಉಳಿಸಲು ಹೋಗಿ ಮುಖ ಊದಿಸಿಕೊಂಡು ಬಂದರು. ಪ್ರತಿ ವಸಂತದಲ್ಲೂ ಅವಳು ಬೆಲ್ಮೀರುವಿನ ಮನೆಗೆ ಹೋಗಿ ರಸ್ತೆಯಂಚಿನ ಮರಗಳನ್ನಾದರೂ ಕಡಿಸಿ ಎಂದು ಕೇಳುವಳು. ಅವನು ಒಂದು ಲೋಟ ವೈನ್ ಕೊಡುವನು, ಮರ ಕಡಿಸನು.

ಒಂದು ವರ್ಷ ಆಗಸ್ಟ್‌ನಲ್ಲಿ ಬೆಂಕಿ ಬಂದದ್ದು ಹಾಡಹಗಲಲ್ಲಿ, ಹೊಳೆಯ ಆಚೆಯ ಬೆಟ್ಟದಲ್ಲಿ. ಗಾಸ್ಪಾರ್ ಅರ್ಧ ದಳ ಕಟ್ಟಿಕೊಂಡು ಅತ್ತ ಹೋಗಿದ್ದ. ಊಟದ ಹೊತ್ತಿಗೆ ಗಾಳಿ ತಿರುಗಿತು. ಬೆಂಕಿ ಹೊಳೆ ಹಾರಿ ಈಚೆ ದಡ ಹಿಡಿಯಿತು. ವಯರ್‌ಲೆಸ್‌ನಲ್ಲಿ ಗಾಸ್ಪಾರ್‌ನ ದನಿ ಕೆಮ್ಮುತ್ತ ಬಂತು.

"ಇದಾಲಿನ, ನಾನು ಹೊಳೆಯಾಚೆ ಸಿಕ್ಕಿಹಾಕ್ಕೊಂಡೆ. ರಸ್ತೆ ಮುಚ್ಚಿದೆ. ಈ ಹೊಗೇಲಿ ನೀರು ಸುರಿಯೋ ವಿಮಾನ ಬರಲ್ಲವಂತೆ. ಎದುರು ಬೆಂಕಿ ಹಚ್ಚೋಕೆ ಅಪ್ಪಣೆ ಕೇಳಿದ್ದೆ, ಮೇಲಿನೋರು ಕೊಟ್ಟಿದಾರೆ. ಊರಲ್ಲಿರೋಳು ನೀನು. ಯಾವಾಗ ಅಂತ ನೀನೇ ನೋಡ್ಕೋ."

ಊರಿನ ಕೆಳಗೆ ರಸ್ತೆ, ರಸ್ತೆಯ ಕೆಳಗೆ ಬೆಲ್ಮೀರುವಿನ ತೋಪು, ಅದರ ಬುಡದಲ್ಲಿ ಬರುತ್ತಿರುವ ಬೆಂಕಿ. ರಸ್ತೆಯಂಚಿನಿಂದ ತೋಪನ್ನು ತಾವೇ ಸುಟ್ಟರೆ ದೊಡ್ಡ ಬೆಂಕಿ ಮೇಲೇರಿ ಬಂದಾಗ ಅದಕ್ಕೆ ತಿನ್ನಲು ಏನೂ ಇರುವುದಿಲ್ಲ. ಬೇಗ ಹಚ್ಚಿದರೆ ಗಾಳಿ ಅದನ್ನು ಊರಿಗೇ ನೂಕುತ್ತದೆ. ತಡವಾದರೆ ಹಚ್ಚಿಯೂ ದಂಡ.

ಇದಾಲಿನ ನೀರುಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿದಳು. ಊರಿನ ಗಂಡಸರು ಹೆಂಗಸರು ಒದ್ದೆ ಚೀಲ, ಹಸಿ ಕೊಂಬೆ ಹಿಡಿದು ರಸ್ತೆಯಂಚಿನ ಗೋಡೆಯುದ್ದಕ್ಕೂ ನಿಂತರು. ಆಮೇಲೆ ಅವಳು ಎಣ್ಣೆ ದೊಂದಿ ಹಿಡಿದು ಬೆಲ್ಮೀರುವಿನ ಹತ್ತಿರ ನಡೆದಳು.

"ಮಾವ, ಹೇಳದೇ ಮಾಡ್ಬಾರ್ದು ಅಂತ ಬಂದೆ. ತೋಪು ಸುಡ್ತೀವಿ."

ಬೆಲ್ಮೀರು ಮರಗಳನ್ನು ನೋಡಿದ. "ಅಪ್ಪ ನೆಟ್ಟ ಸಾಲು ಮೇಲಿಂದು. ಬೇರೆಯವರು ಹಚ್ಚೋದು ಬೇಡ. ಕೊಡು ಇಲ್ಲಿ."

"ನಾನು ಹೇಳೋವರ್ಗೂ ಹಚ್ಬೇಡಿ."

"ಹೆಂಡ್ತಿ ಮಾತನ್ನೇ ಕೇಳದೇ ಇದ್ದೋನು ನಾನು. ನೀನು ಹೇಳು, ಕೇಳ್ತೀನಿ."

ಕಾದರು. ಬೂದಿ ಹೂವಿನಂತೆ ಉದುರುತ್ತಿತ್ತು. ಮುಖಕ್ಕೆ ಹೊಡೆಯುವ ಬಿಸಿಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಯಾರೋ "ಈಗ, ಈಗ" ಎಂದರು. ಇದಾಲಿನ ಬೇಡವೆಂದು ತಲೆಯಾಡಿಸಿದಳು. ಅವಳ ಮುಖ ಬ್ರೆಡ್ ಹಂಚುವಾಗಿನ ಮುಖವೇ. ಬೆಂಕಿ ತೋಪಿನ ಬುಡ ಮುಟ್ಟಿತು. ಆಗ ಮುಖದ ಮೇಲಿನ ಗಾಳಿ ತಟ್ಟನೆ ನಿಂತಿತು. ಬೆನ್ನ ಹಿಂದಿನಿಂದ ತಣ್ಣನೆಯದೊಂದು ಎಳೆತ. ಕೆಳಗಿನ ದೊಡ್ಡ ಬೆಂಕಿ ಉಸಿರಿಗಾಗಿ ಊರಿನ ಗಾಳಿಯನ್ನೇ ಸೆಳೆದುಕೊಳ್ಳುತ್ತಿತ್ತು.

"ಹಚ್ಚಿ ಮಾವ."

ಬೆಲ್ಮೀರು ಅಪ್ಪನ ಸಾಲಿನ ಬುಡಕ್ಕೆ ದೊಂದಿ ಮುಟ್ಟಿಸುತ್ತ ಓಡಿದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಹೊಸ ಬೆಂಕಿ ಒಂದು ಕ್ಷಣ ಯೋಚಿಸುವಂತೆ ನಿಂತು, ಆಮೇಲೆ ಇಳಿಜಾರಿನಲ್ಲಿ ಕೆಳಗೆ ನುಗ್ಗಿತು. ಎರಡೂ ಬೆಂಕಿ ತೋಪಿನ ನಡುವೆ ಡಿಕ್ಕಿ ಹೊಡೆದಾಗ ನೆಲ ನಡುಗಿ ಕಿಟಕಿಯ ಗಾಜುಗಳು ಒಡೆದವು.

ಒಂದು ಕಿಡಿ ಹಾರಿ ಬೇಕರಿಯ ಹಿಂದಿನ ಹುಲ್ಲಿನ ಬಣವೆ ಹೊತ್ತಿಕೊಂಡಿತು. ಗಾಡಿಯ ನೀರು ಮುಗಿಯುತ್ತ ಬಂದಿತ್ತು. ಪೈಪು ಅಲ್ಲಿಗೆ ಎಟಕುತ್ತಿರಲಿಲ್ಲ. ಊರಿಗೆ ಬೆಂಕಿ ಬಿತ್ತೆಂದರೆ ಬಾಗಿಲು ಹಾಕಿಕೊಳ್ಳುವ ಅರ್ಲಿಂದು ದಳದವರಿಗೆಂದು ಮಾಡಿದ್ದ ಕೋಸಿನ ಸೂಪಿನ ದೊಡ್ಡ ಹಂಡೆಯನ್ನು ಕ್ಷೌರಿಕನ ಜೊತೆ ಎಳೆದು ತಂದು ಬಣವೆಯ ಮೇಲೆ ಸುರಿದ. ಉಳಿದದ್ದನ್ನು ಚೀಲ ಹಿಡಿದ ಹೆಂಗಸರು ಬಡಿದು ಆರಿಸಿದರು.

"ಉಪ್ಪು ಹಾಕಿದ್ಯೇನೋ?" ಎಂದಳು ಒಬ್ಬ ಅಜ್ಜಿ.

ಸಂಜೆಯ ಬಿಸಿಲಿಗೆ ಹೊಗೆ ಸರಿದಾಗ ತೋಪು ಕಪ್ಪಾಗಿತ್ತು. ಅದರ ಮೇಲೆ ಸೊಬ್ರೇದದ ಬಿಳಿಗೋಡೆಗಳು ಒಂದೂ ತಪ್ಪದೆ ನಿಂತಿದ್ದವು. ಕುರಿ ಸಾಕುವ ಅಣ್ಣತಮ್ಮಂದಿರಲ್ಲಿ ಒಬ್ಬ ಹೋಗಿ ಇಗರ್ಜಿಯ ಗಂಟೆಯ ಹಗ್ಗ ಹಿಡಿದು ಜಗ್ಗಿದ. ಆಚೆ ಬೆಟ್ಟದ ಹಳ್ಳಿಗಳವರು ಹೊಗೆ ನೋಡಿ ಈ ಊರು ಮುಗಿಯಿತೆಂದು ಅತ್ತು ಮುಗಿಸಿದ್ದರು. ಗಂಟೆ ಕೇಳಿ ಮೊದಲು ಒಂದು ಹಳ್ಳಿ ತನ್ನ ಗಂಟೆ ಬಾರಿಸಿತು, ಆಮೇಲೆ ಇನ್ನೊಂದು, ಮತ್ತೊಂದು. ಕಣಿವೆ ತುಂಬ ಗಂಟೆಗಳು. ಬೆಲ್ಮೀರು ಗೋಡೆಗೊರಗಿ ಮಕ್ಕಳಂತೆ ಅಳುತ್ತಿದ್ದ, ನಗುತ್ತಲೂ ಇದ್ದ.

ಕತ್ತಲಾಗುವ ಮೊದಲು ರಸ್ತೆ ತೆರೆದು, ಪೇಟೆಯ ದಳದ ಗಾಡಿಗಳು ಸಾಲಾಗಿ ಸೈರನ್ ಕೂಗುತ್ತ ಬಂದವು. ಬೂದಿ ನೋಡಲು ಮನಸ್ಸು ಗಟ್ಟಿಮಾಡಿಕೊಂಡು ಬಂದವರಿಗೆ ಕಂಡದ್ದು ಬೀದಿಯಲ್ಲಿ ಬೆಂಚು ಹಾಕಿ ಬ್ರೆಡ್ಡು, ಚೀಸು, ವೈನ್ ಹಂಚಿಕೊಳ್ಳುತ್ತಿದ್ದ ಊರು.

"ಇಲ್ಲಿ ನಾಯಕರು ಯಾರು?" ಎಂದು ಪೇಟೆಯ ನಾಯಕ ಕೇಳಿದ.

ಎಲ್ಲರೂ ನೀರುಗಾಡಿಯ ಕಡೆ ಕೈ ತೋರಿಸಿದರು. ಅದರ ಮೆಟ್ಟಿಲ ಮೇಲೆ ಮಸಿ ಬಳಿದ ಮುಖದ ಇದಾಲಿನ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಅವನು ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಬೆಲ್ಮೀರು ಅಡ್ಡ ಬಂದ.

"ಎಬ್ಬಿಸ್ಬೇಡಿ. ಏನಿದ್ರೂ ನನ್ನ ಕೇಳಿ. ನಾನು ಅವಳ ದಳದೋನು."