ಎರಡೆಲೆ ಎಳೆದು ನೋಡುವ ಗಣಿತ

ಏನು ಸಂಶೋಧನೆ ಮಾಡ್ತಿದ್ದೀರಿ ಎಂದು ಕೇಳಿದವರಿಗೆಲ್ಲ ಏಳು ವರ್ಷದಿಂದ ‘ಲೆಕ್ಕ’ ಎಂದಷ್ಟೇ ಹೇಳಿ ಪಾರಾಗಿದ್ದೇನೆ. ಹಾಸನದ ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಹಚ್ಚಿಕೊಂಡವಳಿಗೆ ಅಷ್ಟು ಉತ್ತರ ಸಾಕು. ಆದರೆ ರಾಮನಾಥಪುರದ ನನ್ನ ಸೋದರಮಾವ ಹಾಗೆಲ್ಲ ಬಿಡುವವರಲ್ಲ. ಮಹಾಪ್ರಬಂಧ ಸಲ್ಲಿಸುವ ಹಿಂದಿನ ದಿನ, ಭಾನುವಾರ, ಅವರ ಮನೆಗೆ ಹೋಗಿದ್ದೆ. ಒಣಗಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಹರಾಜಿಗೆ ಒಯ್ಯುವ ಹೊರೆ, ಅಂದರೆ ಬೇಲ್, ಕಟ್ಟಲು ಅಣಿ ಮಾಡುತ್ತಿದ್ದ ಮಾವ, “ಯಾವ ಲೆಕ್ಕನವ್ವಾ ಅದು, ಏಳು ವರ್ಸ ಆದ್ರೂ ಮುಗೀದ್ದು?” ಎಂದರು.

ಸರಿ, ಕೇಳೇಬಿಡಿ ಎಂದು ಶುರು ಮಾಡಿದೆ. ನಮ್ಮಲ್ಲಿ ತ್ರಿಕೋನಗಳದ್ದೊಂದು ಲೋಕವಿದೆ. ಅಲ್ಲಿ ಮೂರು ಮೂರು ವಸ್ತುಗಳನ್ನು ಬಾಣಗಳು ಸುತ್ತುಹಾಕಿ ಕಟ್ಟಿರುತ್ತವೆ. ಒಳಗೇನಿದೆ ಎಂದು ಬಿಚ್ಚಿ ನೋಡುವುದು ಬಲು ಕಷ್ಟ. ಅಬೇಲಿಯನ್ ಎಂಬ ಇನ್ನೊಂದು ಲೋಕ ಪಾಪ, ಸಾಧು. ಬಾಣ ಏನನ್ನು ಮುಟ್ಟಿಸಿತು, ಏನನ್ನು ಸೊನ್ನೆ ಮಾಡಿತು, ಎಲ್ಲ ಬಾಯಿಬಿಡುತ್ತದೆ. ಮೊದಲನೆಯದನ್ನು ಎರಡನೆಯದಕ್ಕೆ ಇಳಿಸಿ ನೋಡುವ ಉಪಾಯಕ್ಕೇ ಹೋಮಾಲಜಿ ಎಂದು ಹೆಸರು. ಇಳಿಸಿದಾಗ ತ್ರಿಕೋನ ಬಿಚ್ಚಿಕೊಂಡು ಉದ್ದನೆಯ ಸಾಲಾಗುತ್ತದೆ. ಸಾಲಿನ ಪ್ರತಿ ಜಾಗದಲ್ಲೂ ಹಿಂದಿನಿಂದ ಬಂದದ್ದಷ್ಟೇ ಮುಂದಿನ ಹೆಜ್ಜೆಯಲ್ಲಿ ಸೊನ್ನೆಯಾಗುತ್ತದೆ, ಒಂದು ಚೂರು ಹೆಚ್ಚಿಲ್ಲ, ಕಮ್ಮಿಯಿಲ್ಲ. ಏಳು ವರ್ಷದಲ್ಲಿ ನನಗೆ ಬೇಸರ ಬರದ ಸಂಗತಿ ಇದೊಂದೇ.

“ಅರಾಜಲ್ಲಿ ಬೇಲ್‌ನಿಂದ ಎರಡೆಲೆ ಎಳ್ದು ನೋಡ್ತಾರಲ್ಲ, ಅಂಗೆ ಅನ್ನು,” ಎಂದರು ಮಾವ. ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಬೇಗ ತಿಳಿದಿದ್ದರೆ ನನ್ನ ಬಿ.ಪಿ. ಹೀಗಿರುತ್ತಿರಲಿಲ್ಲ. ಮಾವ ಅಷ್ಟಕ್ಕೇ ನಿಲ್ಲಿಸಲಿಲ್ಲ. “ಎಳ್ದಿದ್ದೆಲೇಲಿ ಏನೂ ಕಾಣ್ನಿಲ್ಲ ಅಂದ್ರೆ ಬೇಲಲ್ಲೂ ಏನೂ ಇಲ್ಲ ಅಂತ ಅಲ್ಲ ಕಣವ್ವ. ಅದ್ನ ಬರ್ದಿದ್ದೀಯ ತಾನೆ?”

ಎಲ್ಲಿ ಬರೆದಿದ್ದೆ! ಮೂರನೇ ಅಧ್ಯಾಯದಲ್ಲಿ, ಹೋಮಾಲಜಿಯಲ್ಲಿ ಸೊನ್ನೆಯಾಗಿ ಕಂಡ ಬಾಣವೊಂದನ್ನು ಮೂಲದ ತ್ರಿಕೋನಗಳ ಲೋಕದಲ್ಲೂ ಸೊನ್ನೆಯೇ ಎಂದು ಧೈರ್ಯವಾಗಿ ಹೊಡೆದುಹಾಕಿದ್ದೆ. ಸೊನ್ನೆಯಲ್ಲದೆಯೂ ಹೋಮಾಲಜಿಗೆ ಸೊನ್ನೆಯಂತೆ ಕಾಣುವ ಬಾಣಗಳಿರುತ್ತವೆ. ಗಣಿತದವರು ಅವಕ್ಕೆ ಭೂತ ಎಂದೇ ಹೆಸರಿಟ್ಟು ಎಚ್ಚರಿಸಿದ್ದಾರೆ. ಅದನ್ನು ಪಾಠ ಮಾಡುವ ಮಹಾತಾಯಿಯೂ ನಾನೇ. ಬ್ಯಾಗಿನಿಂದ ಪ್ರತಿ ತೆಗೆದು ನೋಡಿದರೆ, ನನ್ನ ಮುಖ್ಯ ಪ್ರಮೇಯ ಪೂರ್ತಿ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಪರೀಕ್ಷಕರೂ ಎರಡೆಲೆ ಎಳೆದು ನೋಡುವವರೇ ತಾನೆ ಎಂಬ ಆಸೆ ಒಳಗೊಳಗೇ ಮೂಡಿದ್ದು ಸುಳ್ಳಲ್ಲ. “ಮಾವ, ನೀವ್ಯಾವತ್ತಾದ್ರೂ ಕೆಟ್ಟ ಎಲೆನ ಒಳಗಡೆ ಇಟ್ಟು ಕಟ್ಟಿದ್ದೀರಾ?” ಎಂದು ಕೇಳಿದೆ.

ಮಾವನ ಕೈ ನಿಂತಿತು. “ಒಂದ್ಸಲ ಇಟ್ಟಿದ್ದೆ. ಯಾರ್ಗೂ ಗೊತ್ತಾಗ್ನಿಲ್ಲ. ನಿನ್ ಸೊಪ್ಪು ಬಂಗಾರ ಕಣಯ್ಯ ಅಂದ್ರು. ಅವತ್ತಿಂದ ಯಾರು ಒಗಳಿದ್ರೂ ನಂಗೆ ನಂಬ್ಕೆನೇ ಬರಾಕಿಲ್ಲ.”

ಅಲ್ಲೇ ಕೂತು ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ನಾಳೆ ಸಲ್ಲಿಸುವುದಿಲ್ಲ ಎಂದು ಹೇಳಿ, ಕಾರಣವನ್ನೂ ಹೇಳಿದೆ. ಅವರು, “ನಾನೂ ನಾಲ್ಕು ಸಲ ಓದಿದ್ದೆನಲ್ಲಮ್ಮ,” ಎಂದರು. ಅವರ ಬಗ್ಗೆ ಪಾಪ ಅನ್ನಿಸಿತು, ನನ್ನ ಬಗ್ಗೆಯೂ ಅನ್ನಿಸಿತು.

ಈಗ ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಪ್ರಮೇಯ ಅರ್ಧಕ್ಕಿಳಿದಿದೆ, ಅದರ ಮುಂದೆ ಎರಡು ಷರತ್ತುಗಳು ಬಂದು ಕೂತಿವೆ. ಆದರೆ ನೋಡಿ, ಮುಂದೊಂದು ದಿನ ಯಾರಾದರೂ ಇದನ್ನು ಓದಿ ಚೆನ್ನಾಗಿದೆ ಎಂದರೆ, ಹೌದು, ಚೆನ್ನಾಗಿದೆ ಎಂದು ಅವರಿಗಿಂತ ಮೊದಲು ನಾನೇ ನಂಬುತ್ತೇನೆ.