ಹನ್ನೊಂದು ಸಣ್ಣ ಗುಂಡಿಗಳು

ಗುತ್ತಿಗೆ ಹಿಡಿಯುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ದರದಲ್ಲಿ ಎಷ್ಟಾದರೂ ಜಗ್ಗಾಡಿ, ಅಳತೆಯಲ್ಲಿ ಜಗ್ಗಾಡಬೇಡಿ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಮಾತನ್ನು ಬೆಳಕಾಗಿ ಸಾಗಿಸುವ ಗಾಜಿನ ಎಳೆಯ ಟೆಲಿಫೋನ್ ಕೇಬಲ್ ಹೂಳಿದಾಗ ಕೊಂಡ್ಲಹಳ್ಳಿಯಿಂದ ಆಚೆಗಿನ ಅಗೆತ ನನ್ನದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೇಬಲ್ಲಿನ ಎರಡು ತುದಿ ಕೂಡುವ ಕಡೆಯೆಲ್ಲ ಒಂದು ಗುಂಡಿ ತೋಡಬೇಕು, ಮುಂದೆ ರಿಪೇರಿಗೆ ಬೇಕೆಂದು ಅದರೊಳಗೆ ಒಂದಷ್ಟು ಹೆಚ್ಚುವರಿ ಕೇಬಲ್ ಸುತ್ತಿಡಬೇಕು. ನೆಲವೋ ಬರೀ ಕಲ್ಲು, ಹಾರೆಯ ತುದಿ ದಿನಕ್ಕೆರಡು ಸಲ ಮೊಂಡಾಗುತ್ತಿತ್ತು. ಕಂಪನಿಯ ಮೇಲ್ವಿಚಾರಕನನ್ನು ಟೀ ಅಂಗಡಿಯಲ್ಲಿ ಕೂರಿಸಿಕೊಂಡು, ಎರಡನೇ ಟೀ ಮುಗಿಯುವುದರೊಳಗೆ ಗುಂಡಿಯ ಅಗಲವನ್ನು ಅರ್ಧಕ್ಕೆ ಇಳಿಸಿದೆ. ಅಂದು ನನ್ನ ಮೇಲೆ ನನಗೇ ಮೆಚ್ಚುಗೆ.

ನನ್ನ ಆಳುಗಳೆಲ್ಲ ಕುರಿ ಕಾಯುವ ಮನೆಗಳವರು. ಕುರಿ ಕೂಡುವ ರೊಪ್ಪ ಎತ್ತುವಾಗ ಅದರ ಇಡೀ ಬಲೆಯನ್ನು ಗೇಣಗಲಕ್ಕೆ ಮಡಚಿ, ಮೊಣಕಾಲು ಊರಿ ಬಿಗಿದು ಕತ್ತೆಯ ಬೆನ್ನಿಗೆ ಹೇರುವ ಕೈಗಳು ಅವು. ಸಡಿಲ ಕಟ್ಟಿದವನನ್ನು ಹಟ್ಟಿಯಲ್ಲಿ ಆಡಿಕೊಳ್ಳುತ್ತಾರೆ. ಹೆಚ್ಚುವರಿ ಕೇಬಲ್ಲಿನ ಸುತ್ತನ್ನೂ ಹಾಗೆಯೇ ಬಿಗಿದು ಕಟ್ಟಿದರು. ಸಣ್ಣ ಗುಂಡಿಗೆ ಅಚ್ಚುಕಟ್ಟಾಗಿ ಕೂತಿತು.

ಎಳೆಗಳನ್ನು ಬೆಸೆಯುವ ಜಾಯಿಂಟರ್ ಮಾತ್ರ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದ. ಸಣಕಲ ಆಳು, ಮಾತು ಕಮ್ಮಿ.

"ಅಣ್ಣ, ಇಷ್ಟು ಬಿಗಿ ಬ್ಯಾಡ. ಒಳಗೆ ಗಾಜೈತೆ."

"ಲೇ, ಮುರಿದೈತೇನು? ಇಲ್ವಲ್ಲ. ಬೆಳಕಿಗೇನು ಸೊಂಟ ನೋವು ಬರ್ತದಾ ಬಗ್ಗಿ ಹೋಗಾಕೆ?" ಎಂದೆ.

ಆಳುಗಳು ನಕ್ಕರು, ಅವನು ನಗಲಿಲ್ಲ. ಆ ವಾರದ ಪರೀಕ್ಷೆಯಲ್ಲಿ ಲೈನು ಪಾಸಾಯಿತು. ಹನ್ನೊಂದು ಗುಂಡಿಗೂ ಮಣ್ಣು ಮುಚ್ಚಿದೆವು.

ನಾಲ್ಕು ವರ್ಷದ ಮೇಲೆ ಒಬ್ಬ ಸಂಶೋಧಕಿ ಬಂದರು. ಒಂದೇ ಎಳೆಯಲ್ಲಿ ಹಲವು ಪಟ್ಟು ಮಾತು ಸಾಗಿಸಲು ಬೇರೆ ಜಾತಿಯ ಬೆಳಕು ಬಿಡುವ ಕಾಲ ಬಂದಿತ್ತು. ಹಳೆಯ ಲೈನುಗಳು ಅದನ್ನು ತಡೆಯುತ್ತವೆಯೇ ಎಂದು ಅಳೆದು, ಕೇಬಲ್ ಹೂಳುವ ನಿಯಮ ಬರೆಯುವ ಸಮಿತಿಗೆ ವರದಿ ಒಪ್ಪಿಸುವುದು ಅವರ ಕೆಲಸ. ಮೊಳಕಾಲ್ಮುರಿನ ಎಕ್ಸ್‌ಚೇಂಜಿನಲ್ಲಿ ನಮ್ಮನ್ನೆಲ್ಲ ಸೇರಿಸಿ, ಅಳೆಯುವ ಪೆಟ್ಟಿಗೆ ಇಟ್ಟು ಹೊಸ ಬೆಳಕು ಬಿಟ್ಟರು. ಪರದೆಯ ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು ಒಂದು ಮೆಟ್ಟಿಲು ಇಳಿಯಿತು. ಮತ್ತೆ ಸ್ವಲ್ಪ ದೂರ, ಮತ್ತೊಂದು ಮೆಟ್ಟಿಲು. ನಾನು ಎಣಿಸಿದೆ. ಹನ್ನೊಂದು.

"ಎಲ್ಲಾ ಜಾಯಿಂಟ್ ಇರೋ ಕಡೆನೇ ಬೆಳಕು ಸೋರ್ತಿದೆ," ಎಂದರು.

ಮೇಲ್ವಿಚಾರಕ ತಡಮಾಡಲಿಲ್ಲ. "ಬೆಸುಗೆ ಸರಿ ಇಲ್ಲ ಮೇಡಂ. ಇವನೇ ಮಾಡಿದ್ದು. ಇವತ್ತಿಂದ ಇವನಿಗೆ ಎಲ್ಲೂ ಕೆಲಸ ಸಿಗದಂಗೆ ಮಾಡ್ತೀನಿ."

ಜಾಯಿಂಟರ್ ಬಾಗಿಲ ಹತ್ತಿರ ನಿಂತಿದ್ದ. ನನ್ನ ಕಡೆ ನೋಡಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸಂಶೋಧಕಿ ಮಾತ್ರ ಒಪ್ಪದೆ ತಲೆಯಾಡಿಸಿದರು. "ಈಗಲೇ ಹೇಳಕ್ಕಾಗಲ್ಲ. ನಾಳೆ ಗುಂಡಿಗಳನ್ನೆಲ್ಲ ತೆಗೆಸಿ, ಹಳೇ ಬೆಳಕನ್ನೂ ಬಿಟ್ಟು ನೋಡ್ತೀನಿ. ಬೆಸುಗೆ ಕೆಟ್ಟಿದ್ರೆ ಎರಡೂ ಬೆಳಕು ಸೋರುತ್ತೆ. ಕೇಬಲ್ ಎಲ್ಲೋ ಅತಿಯಾಗಿ ಬಗ್ಗಿದ್ರೆ ಹೊಸ ಬೆಳಕೊಂದೇ ಸೋರೋದು."

"ಒಂದೆರಡು ಗುಂಡಿ ನೋಡಿದ್ರೆ ಸಾಲ್ದಾ ಮೇಡಂ? ಎಲ್ಲಾ ಯಾಕೆ?" ಎಂದೆ. ಬಾಯಿಗೆ ಅಭ್ಯಾಸವಾದ ಮಾತು.

"ನೀವು ಒಂದೆರಡು ಅಂದ್ರೆ ಬೆಳಕು ಕೇಳಬೇಕಲ್ಲ."

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲೇ ಕೊಂಡ್ಲಹಳ್ಳಿ ಕಡೆಯ ಮೊದಲ ಗುಂಡಿಗೆ ಹೋದೆ. ಬಿಚ್ಚಿ ಸಡಿಲ ಮಾಡಿದರೆ ಮುಗಿಯಿತು ಎಂಬ ಲೆಕ್ಕ. ಮಣ್ಣು ತೆಗೆದು ದಾರ ಕುಯ್ದೆ. ಕೇಬಲ್ ಉಸಿರು ಎಳೆದ ಹಾವಿನಂತೆ ಅಗಲವಾಗಿ ಗುಂಡಿಯ ನಾಲ್ಕೂ ಕಡೆಯ ಕಲ್ಲಿಗೆ ಒತ್ತಿಕೊಂಡಿತು. ಇನ್ನೂ ಅಗಲವಾಗಬೇಕಿತ್ತು, ಜಾಗವಿರಲಿಲ್ಲ. ನಾನೇ ಅರ್ಧ ಮಾಡಿಸಿದ ಜಾಗ. ಸುತ್ತಲೂ ಬಯಲು, ಗಾಳಿಯೂ ಇಲ್ಲ. ಹಾರೆ ಹಿಡಿದು ಕಲ್ಲಿಗೆ ನಾಲ್ಕು ಏಟು ಹಾಕಿದೆ. ಕಿಡಿ ಬಂತು, ಕಲ್ಲು ಬರಲಿಲ್ಲ.

ಹಿಂದೆ ಮೊಪೆಡ್ ನಿಂತ ಸದ್ದು. ಜಾಯಿಂಟರ್.

"ಇನ್ನೂ ಹತ್ತು ಐತಣ್ಣ," ಎಂದ. ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ ಕೇಳಿದ, "ನೀನೇ ಹೇಳ್ತೀಯಾ, ಪೆಟ್ಟಿಗೆನೇ ಹೇಳ್ಲಿ ಅಂತೀಯಾ?"

ರಸ್ತೆಯ ಮೇಲೆ ಜೀಪಿನ ಧೂಳು ಕಾಣುತ್ತಿತ್ತು. ಮಣ್ಣು ಎಳೆದು ಮುಚ್ಚಲು ಹೊತ್ತಿತ್ತು. ನಾನು ಗುಂಡಿಯೊಳಗೇ ನಿಂತೆ.

ಅವರು ಇಳಿದು ಬಂದಾಗ ಹೇಳಿದೆ: ಬೆಸುಗೆ ಇವನದು ಸರಿ ಇದೆ, ಗುಂಡಿ ಸಣ್ಣದು, ಸಣ್ಣ ಮಾಡಿಸಿದವನು ನಾನು. ಮೇಲ್ವಿಚಾರಕ ಆಕಾಶ ನೋಡಿದ. ಸಂಶೋಧಕಿ ಬೈಯಲಿಲ್ಲ. ಟೇಪು ಹಿಡಿದು ಗುಂಡಿಯ ಅಗಲ ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಜಾಯಿಂಟರನ್ನು ಕರೆದರು. ಅವನ ಹೆಸರಿಗೆ ಬಂದಿದ್ದ ಕಳಂಕ ಅಲ್ಲಿಗೆ ಹೋಯಿತು.

ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, ತಲೆ ಎತ್ತದೆ ಕೇಳಿದರು: "ಇದೇ ಥರ ಇನ್ನೂ ಎಲ್ಲೆಲ್ಲಿ ಹೂತಿದ್ದೀರಿ?"

ಆ ನಾಲ್ಕು ವರ್ಷದಲ್ಲಿ ನಾನು ಮೂರು ತಾಲ್ಲೂಕು ಅಗೆದಿದ್ದೆ. ಎಲ್ಲ ಕಡೆಯೂ ಟೀ ಅಂಗಡಿಗಳಿದ್ದವು. ಒಂದೊಂದಾಗಿ ಊರಿನ ಹೆಸರು ಹೇಳುತ್ತಾ ಹೋದೆ. ಅವರು ಹಾಳೆ ತಿರುಗಿಸಿದರು.